ದೆವ್ವದ ಕಥೆ ಬೆಲ್‌ಗೆ ಮುಂಚೆ ಮುಗಿಯಲಿ
ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ ಲೈಬ್ರರಿ ಪೀರಿಯಡ್‌ನಲ್ಲಿ ಮಕ್ಕಳೇ ದೆವ್ವದ ಕಥೆ ಕೇಳುತ್ತಾರೆ. 3ರಿಂದ 5ನೇ ತರಗತಿಗೆ ‘ನಾಳೆ ಬಾ’ ಚೆನ್ನ: ಬಾಗಿಲ ಮೇಲಿನ ಬರಹ ಓದಿ ದೆವ್ವ ದಿನವೂ ವಾಪಸ್ ಹೋಗುತ್ತದೆ, ಪೇಚಿಗೆ ಸಿಲುಕುವುದು ದೆವ್ವವೇ. 40 ನಿಮಿಷದಲ್ಲಿ ಕಥೆಗೆ 12 ನಿಮಿಷ ಸಾಕು. ಬೆಲ್ ಹೊಡೆದು ಅರ್ಧಕ್ಕೆ ನಿಂತರೆ ಉಳಿದದ್ದನ್ನು ಮಕ್ಕಳು ರಾತ್ರಿ ತಾವೇ ಕಟ್ಟಿಕೊಳ್ಳುತ್ತಾರೆ, ಅದು ನಿಮ್ಮ ಕಥೆಗಿಂತ ಭಯಂಕರ.

ಲೈಟ್ ಪೂರ್ತಿ ಆರಿಸಬೇಡಿ, ಒಂದು ಕಡೆಯ ಕಿಟಕಿ ಮುಚ್ಚಿ. ಸ್ಟೀಲ್ ಡಬ್ಬಿಯಲ್ಲಿ ಒಂದು ಹಿಡಿ ರಾಗಿ ಹಾಕಿ ನಿಧಾನವಾಗಿ ಓರೆ ಮಾಡಿದರೆ ಮಳೆಯ ಸದ್ದು ಬರುತ್ತದೆ. ಕೊನೆಗೆ ಡಬ್ಬಿ ತೆರೆದು ತೋರಿಸಿ. ಅಂಜುಬುರುಕರು ಬಾಗಿಲ ಬಳಿ ಕೂರಲಿ. ‘ನಮ್ಮ ಶಾಲೆಯ ಹಿಂದೆಯೇ ನಡೆದದ್ದು’ ಅಂತ ಮಾತ್ರ ಹೇಳಲೇಬೇಡಿ, ಆಮೇಲೆ ಒಬ್ಬರೂ ಒಂಟಿಯಾಗಿ ಟಾಯ್ಲೆಟ್‌ಗೆ ಹೋಗುವುದಿಲ್ಲ. ಉಳಿದ ಹೊತ್ತಿನಲ್ಲಿ ರಟ್ಟಿನ ಮೇಲೆ ‘ನಾಳೆ ಬಾ’ ಬರೆಸಿ ಮನೆಗೆ ಕೊಟ್ಟು ಕಳಿಸಿ.