ಎರಡು ಊರು, ಒಂದೇ ಡೊಮೈನ್: ಡಿಎನ್‌ಎಸ್ ಹೀಗೆ ಹೊಂದಿಸಿದೆ

ನಮ್ಮ ಹೆಡ್ ಆಫೀಸು ದಾವಣಗೆರೆಯಲ್ಲಿ, ಬ್ರಾಂಚ್ ಚಿತ್ರದುರ್ಗದಲ್ಲಿ. ಎರಡೂ ಕಡೆ ಒಂದೊಂದು ಡೊಮೈನ್ ಕಂಟ್ರೋಲರ್ (ಲಾಗಿನ್ ನೋಡಿಕೊಳ್ಳುವ ಸರ್ವರ್; ಡಿಎನ್‌ಎಸ್, ಅಂದರೆ ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಕೆಲಸವೂ ಇದರದೇ), ಮಧ್ಯೆ ವಿಪಿಎನ್ (ಇಂಟರ್‌ನೆಟ್ ಮೂಲಕ ಹೋಗುವ ಖಾಸಗಿ ಸಂಪರ್ಕ).

ಝೋನ್ (ನಮ್ಮ ಡೊಮೈನಿನ ಹೆಸರುಗಳ ಪಟ್ಟಿ) ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಎರಡೂ ಕಂಟ್ರೋಲರ್ ಹಂಚಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯೊಳಗೇ ಇರುವ ಝೋನ್ ಮಾಡಿದೆ. ಅದರ ಬದಲು ದುರ್ಗದಲ್ಲಿ ಸೆಕೆಂಡರಿ ಝೋನ್ (ದಾವಣಗೆರೆ ಝೋನಿನ ನಕಲು) ಇಟ್ಟರೆ ಅದು ಓದುವುದಕ್ಕೆ ಮಾತ್ರ. ವಿಪಿಎನ್ ಬಿದ್ದರೆ ದುರ್ಗದ ಹೊಸ ಕಂಪ್ಯೂಟರಿಗೆ ತನ್ನ ಹೆಸರು ಸೇರಿಸಲು ಆಗಲ್ಲ. ಡೈರೆಕ್ಟರಿ ಝೋನ್‌ನಲ್ಲಿ ಎರಡೂ ಸರ್ವರ್ ಬರೆಯಬಲ್ಲವು. ಸೆಕ್ಯೂರ್ ಅಪ್‌ಡೇಟ್ (ಗುರುತು ಖಚಿತವಾದ ಕಂಪ್ಯೂಟರ್ ಮಾತ್ರ ಹೆಸರು ಬರೆಯುವ ವ್ಯವಸ್ಥೆ) ಕೂಡ ಇದರಲ್ಲೇ ಸಿಗುವುದು.

ಫಾರ್ವರ್ಡಿಂಗ್‌ನಲ್ಲಿ (ತನಗೆ ಗೊತ್ತಿಲ್ಲದ ಹೆಸರನ್ನು ಬೇರೆ ಸರ್ವರನ್ನು ಕೇಳುವುದು) ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ದುರ್ಗದ ಸರ್ವರ್ ಎಲ್ಲವನ್ನೂ ದಾವಣಗೆರೆಗೆ ಕಳಿಸಲಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ವಿಪಿಎನ್ ಕೈಕೊಟ್ಟ ದಿನ ಅಲ್ಲಿ ಸುಮ್ನೆ ಇಂಟರ್‌ನೆಟ್ಟೂ ನಿಂತಂತಾಗುತ್ತದೆ, ಅಲ್ವಾ? ಹಾಗಾಗಿ ಅಲ್ಲಿನ ಫಾರ್ವರ್ಡರ್ ಅಲ್ಲಿನ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್‌ಗೇ.

ಇನ್ನೊಂದು ಗಂಟು ನಮ್ಮ ಪಾಲುದಾರ ಕಂಪನಿಯದು. ಅವರದು ಬೇರೆ ಫಾರೆಸ್ಟ್, ಅಂದರೆ ಅವರದೇ ಪ್ರತ್ಯೇಕ ಆಕ್ಟಿವ್ ಡೈರೆಕ್ಟರಿ. ಅವರ ಸರ್ವರ್‌ಗಳ ಹೆಸರು ನಮಗೆ ಸಿಗಬೇಕು. ಸ್ಟಬ್ ಝೋನ್ (ಅವರ ನೇಮ್ ಸರ್ವರ್, ಅಂದರೆ ಡಿಎನ್‌ಎಸ್ ಸರ್ವರ್ ಪಟ್ಟಿಯನ್ನಷ್ಟೇ ಇಟ್ಟುಕೊಳ್ಳುವ ಝೋನ್) ಹಾಕಿದ್ದರೆ ಆ ಪಟ್ಟಿ ಬದಲಾದಾಗ ನಮ್ಮಲ್ಲೂ ತಾನಾಗಿ ಬದಲಾಗುತ್ತಿತ್ತು. ಆದರೆ ಆಗ ನಮ್ಮ ಸರ್ವರ್ ಆ ಪಟ್ಟಿಯಲ್ಲಿರುವ ಯಾರನ್ನಾದರೂ ನೇರವಾಗಿ ಕೇಳುತ್ತದೆ. ಅವರ ಫೈರ್‌ವಾಲ್ ನಮಗೆ ಬಿಟ್ಟಿರುವುದು ಎರಡೇ ಐಪಿ. ಅದಕ್ಕೇ ಆ ಎರಡು ಐಪಿ ಕೊಟ್ಟು ದಾವಣಗೆರೆಯಲ್ಲಿ ಕಂಡಿಷನಲ್ ಫಾರ್ವರ್ಡರ್ (ಒಂದು ಡೊಮೈನಿನ ಪ್ರಶ್ನೆಗಳನ್ನು ಮಾತ್ರ ನಾವು ಹೇಳಿದ ಐಪಿಗೆ ಕಳಿಸುವುದು) ಹಾಕಿದೆ.

ಅದನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ ಇಡುವ ಟಿಕ್ ಬೇಕೆಂದೇ ಬಿಟ್ಟೆ. ಟಿಕ್ ಹಾಕಿದರೆ ಅದೇ ಐಪಿಗಳು ದುರ್ಗಕ್ಕೂ ಹೋಗುತ್ತವೆ, ಅಲ್ಲಿಂದ ಪಾಲುದಾರರಿಗೆ ದಾರಿಯೇ ಇಲ್ಲ. ದುರ್ಗದಲ್ಲಿ ಬೇರೆಯಾಗಿ ಒಂದು ಕಂಡಿಷನಲ್ ಫಾರ್ವರ್ಡರ್ ಮಾಡಿ, ಆ ಒಂದು ಡೊಮೈನಿಗೆ ಮಾತ್ರ ದಾವಣಗೆರೆ ಸರ್ವರನ್ನು ತೋರಿಸಿದೆ.

ಕೊನೆಗೆ ಡಿಎಚ್‌ಸಿಪಿ, ಅಂದರೆ ಕಂಪ್ಯೂಟರಿಗೆ ಐಪಿಯನ್ನೂ ಡಿಎನ್‌ಎಸ್ ಸರ್ವರ್ ಪಟ್ಟಿಯನ್ನೂ ತಾನಾಗಿ ಕೊಡುವ ವ್ಯವಸ್ಥೆ. "ಸಾರ್, ಮೂರನೇದಾಗಿ 8.8.8.8 ಹಾಕಿಬಿಡೋಣ" ಎಂದ ನಮ್ಮ ಹುಡುಗ. ಅದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಬೇಡ ಅಂದೆ. ನಮ್ಮ ಸರ್ವರ್ ಉತ್ತರಿಸಲು ತಡವಾದರೆ ಕಂಪ್ಯೂಟರ್ ನಮ್ಮ ಒಳಗಿನ ಹೆಸರನ್ನು ಹೊರಗೆ ಕೇಳುತ್ತದೆ. ಹೊರಗಿನವರು "ಆ ಹೆಸರೇ ಇಲ್ಲ" ಎನ್ನುತ್ತಾರೆ, ಕಂಪ್ಯೂಟರ್ ಅದನ್ನೇ ನಂಬುತ್ತದೆ. ಆಮೇಲೆ ಲಾಗಿನ್ ನಿಧಾನ ಎಂದು ಫೋನು ಶುರು. ಎಲ್ಲ ಕಂಪ್ಯೂಟರಿಗೂ ನಮ್ಮ ಎರಡು ಸರ್ವರ್ ಮಾತ್ರ ಕೊಟ್ಟೆವು, ಹತ್ತಿರದ್ದು ಮೊದಲು.

ಪಾಲುದಾರರು ಐಪಿ ಬದಲಿಸಿದರೆ ನಾವು ಕೈಯಾರೆ ತಿದ್ದಬೇಕು. ಬದಲಿಸುವ ಮುಂಚೆ ಒಂದು ಫೋನ್ ಮಾಡಿ ಎಂದು ಅವರ ಐಟಿಯವರಿಗೆ ಹೇಳಿಟ್ಟಿದ್ದೇನೆ.