ಬೆಳಗಾವಿಯಿಂದ ಪಾಳೊಳೆಂ: ಹೆಗಲಿಗೆ ಬ್ಯಾಗು, ರುಚಿಗೆ ಬಿಯರ್

ದಕ್ಷಿಣ ಗೋವಾದ ಪಾಳೊಳೆಂ ಕಡಲತೀರಕ್ಕೆ ಹೋಗಲು ಬೆಳಗಾವಿಯಿಂದ ಲೋಂಡಾ ಮೇಲೆ ಹಾಯುವ ರೈಲಿನಲ್ಲಿ ಮಡಗಾಂವ್‌ಗೆ ಹೋಗಿ, ಅಲ್ಲಿಂದ ಕಾಣಕೋಣದ ಬಸ್ ಹಿಡಿಯಿರಿ. ಮಳೆಗಾಲ ಬೇಡ, ಶ್ಯಾಕ್‌ಗಳನ್ನು (ದಂಡೆಯ ಮೇಲಿನ ತಾತ್ಕಾಲಿಕ ಗುಡಿಸಲು ಹೋಟೆಲುಗಳನ್ನು) ಬಿಚ್ಚಿಟ್ಟಿರುತ್ತಾರೆ. ಮೊದಲು ಕೋಣೆ ಹಿಡಿದು ಬ್ಯಾಗಿಟ್ಟು, ಈಜಾಟವನ್ನೂ ಮುಗಿಸಿಬಿಡಿ. ಕುಡಿದ ಮೇಲೆ ನೀರಿಗಿಳಿಯುವಂತಿಲ್ಲ.

ಬಿಯರಿನ ರುಚಿ ನೋಡುವುದೆಂದರೆ ಹೊಟ್ಟೆ ತುಂಬಿಸುವುದಲ್ಲ. ಮೂವರಿದ್ದರೆ ಒಂದು ಬಗೆಗೆ 650 ಮಿ.ಲೀ. ಬಾಟಲಿ ಒಂದೇ ಸಾಕು. ಗೋವಾದ ಬಿಯರುಗಳಲ್ಲಿ ಹಳೆಯ ಹೆಸರು ಕಿಂಗ್ಸ್. ಇಂಥ ಹಗುರ ಪಿಲ್ಸ್ನರ್‌ನಿಂದ (ತಿಳಿ ಹೊಂಬಣ್ಣದ ಬಿಯರಿನಿಂದ) ಶುರುಮಾಡಿ, ಮದ್ಯಾಂಶ ಹೆಚ್ಚಿರುವ ಸ್ಟ್ರಾಂಗ್ ಕೊನೆಗಿರಲಿ. ತಿರುವುಮುರುವಾದರೆ ಹಗುರದ್ದು ನೀರಿನಂತೆ ಸಪ್ಪೆ ಅನಿಸುತ್ತದೆ. ಗ್ಲಾಸಿಗೆ ಸೋಪಿನ ಅಥವಾ ಎಣ್ಣೆಯ ಪಸೆ ಅಂಟಿದ್ದರೆ ನೊರೆ ನಿಲ್ಲದು. ಬರೀ ನೀರಿನಲ್ಲಿ ತೊಳೆದು, ಓರೆ ಹಿಡಿದು ಸುರಿಯಿರಿ. ಮಂಜುಗಟ್ಟುವಷ್ಟು ತಣ್ಣಗಿದ್ದರೆ ನಾಲಿಗೆಗೆ ಏನೂ ತಿಳಿಯದು, 6–8 ಡಿಗ್ರಿ ಸರಿ. ಬಿಸಿಲಿಗಿಟ್ಟ ಹಸಿರು ಅಥವಾ ಬಿಳಿ ಬಾಟಲಿ ಬೇಡವೇ ಬೇಡ: ಬೆಳಕಿಗೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಕೆಟ್ಟು ನಾತ ಬರುತ್ತದೆ. ನಂಚಿಕೊಳ್ಳಲು ಊರಿಂದ ಹುರಿದ ಶೇಂಗಾ ಒಯ್ಯಿರಿ. ಖಾರದ್ದು ಬಿಯರಿನ ಕಹಿಯನ್ನು ಇನ್ನಷ್ಟು ಚುಚ್ಚುವಂತೆ ಮಾಡುತ್ತದೆ, ನಮ್ಮವರಿಗೆ ಇದನ್ನು ಹೇಳುವುದೇ ಕಷ್ಟ.

ಕುಡಿಯುವುದು ಶ್ಯಾಕ್‌ನೊಳಗೇ, ಬಯಲು ಮರಳಿನಲ್ಲಿ ಕುಡಿದರೆ ದಂಡ. ಗೋವಾದಲ್ಲಿ ಕುಡಿಯಲು ಕಾನೂನು ಹೇಳಿದ ವಯಸ್ಸು ತುಂಬಿರಬೇಕು. ಅಗ್ಗ ಸಿಗುತ್ತದೆಂದು ಬಾಟಲಿ ಬ್ಯಾಗಿಗೆ ತುರುಕಿದರೆ ಗಡಿಯ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುತ್ತೀರಿ.