ಖಾಲಿ ಉಳಿದ ಸಾಲು: ಸೈನಿಕ ಕುಟುಂಬಗಳ ಆರೋಗ್ಯ ಅಧ್ಯಯನದಲ್ಲಿ ನನ್ನ ಅನುಭವ

ಸೈನಿಕರ ಪತ್ನಿಯರ ಆರೋಗ್ಯದ ಬಗ್ಗೆ ಅಧ್ಯಯನ ಆರಂಭಿಸಿ ಮೊದಲ ಆರು ಮನೆಗಳ ಸಂದರ್ಶನ ಮುಗಿಸಿದ್ದೆ. ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದರಂತೆ ಕೇಳುತ್ತಾ ಹೋದಾಗ ನನ್ನ ಕೆಲಸ ಎಲ್ಲಿ ಎಡವಿದೆ ಎಂದು ಗೊತ್ತಾಯಿತು. "ನಿಮ್ಮ ಆರೋಗ್ಯ ಹೇಗಿದೆ?" ಎಂದು ನಾನು ಕೇಳುತ್ತೇನೆ. "ನನಗೇನು, ಚೆನ್ನಾಗಿದ್ದೇನೆ. ಅವರಿಗೇ ಬೆನ್ನುನೋವು, ನಿದ್ದೆಯೂ ಸರಿಯಾಗಿ ಬರುವುದಿಲ್ಲವಂತೆ" ಎಂಬ ಉತ್ತರ ಬರುತ್ತದೆ. ಆರರಲ್ಲಿ ಐದು ಮನೆಗಳಲ್ಲಿ ಮಾತು ಹೀಗೆಯೇ ಪತಿಯ ಕಡೆಗೆ ಹೊರಳಿತ್ತು.

ತಪ್ಪು ಅವರದಲ್ಲ, ನನ್ನ ಪ್ರಶ್ನೆಗಳದ್ದು. ಪತಿ ನಿಯೋಜನೆಗೆ ಹೋದಾಗ ಏನಾಯಿತು, ಪತಿ ಮರಳಿದ ಮೇಲೆ ಏನಾಯಿತು, ಪತಿಯ ಕೆಲಸ ಮಕ್ಕಳ ಮೇಲೆ ಹೇಗೆ ಪರಿಣಾಮ ಬೀರಿತು ಎಂದೆಲ್ಲ ಕೇಳಿದ್ದೆ. ಪ್ರತಿ ವಾಕ್ಯದ ಕರ್ತೃಸ್ಥಾನದಲ್ಲಿ ಸೈನಿಕನೇ ಕೂತಿದ್ದ. ಎದುರಿಗಿದ್ದ ಹೆಣ್ಣುಮಗಳನ್ನು ನಾನು ಅವಳ ಗಂಡನ ಬಗ್ಗೆ ವರದಿ ಕೊಡುವವಳಾಗಿ ಮಾಡಿಬಿಟ್ಟಿದ್ದೆ.

ಈ ಕ್ಷೇತ್ರದ ದೊಡ್ಡ ಅಧ್ಯಯನಗಳನ್ನು ನಾನು ಗೌರವದಿಂದಲೇ ಓದಿದವಳು. ಅಮೆರಿಕದ ಭೂಸೇನೆಯ ಯೋಧರ 2,50,626 ಪತ್ನಿಯರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು 2010ರಲ್ಲಿ ಪ್ರಕಟವಾಯಿತು. ಪತಿ ಯುದ್ಧಭೂಮಿಗೆ ಹೋದವರಲ್ಲಿ ಖಿನ್ನತೆ, ಆತಂಕ, ನಿದ್ರೆಯ ತೊಂದರೆಗಳ ರೋಗನಿರ್ಣಯ ಹೆಚ್ಚು, ನಿಯೋಜನೆ ದೀರ್ಘವಾದಷ್ಟು ಇನ್ನೂ ಹೆಚ್ಚು ಎಂದು ಅದು ತೋರಿಸಿತು. ಬಹಳ ಮುಖ್ಯವಾದ ಕೆಲಸ ಅದು. ಆದರೆ ಆಸ್ಪತ್ರೆಯ ದಾಖಲೆ ಎಣಿಸುವುದು ಆಸ್ಪತ್ರೆಗೆ ಹೋದವರನ್ನು ಮಾತ್ರ. ನನ್ನ ಎದುರಿಗೆ ಕೂತು "ಚೆನ್ನಾಗಿದ್ದೇನೆ" ಎಂದವರಲ್ಲಿ ಹಲವರು ವರ್ಷಗಳಿಂದ ವೈದ್ಯರ ಬಾಗಿಲನ್ನೇ ತುಳಿದಿರಲಿಲ್ಲ.

ಪ್ರಶ್ನಾವಳಿಯನ್ನು ಬದಿಗಿಟ್ಟು ಬದುಕಿನ ಕ್ಯಾಲೆಂಡರ್ ವಿಧಾನಕ್ಕೆ ಬಂದೆ. ಸಮಾಜ ಸಂಶೋಧನೆಯಲ್ಲಿ ಇದು ಹಳೆಯ ಸಾಧನ. ದೊಡ್ಡದೊಂದು ಹಾಳೆಯ ಮೇಲ್ಭಾಗದಲ್ಲಿ ಉದ್ದಕ್ಕೆ ವರ್ಷ, ತಿಂಗಳು. ಎಡಗಡೆ ಒಂದರ ಕೆಳಗೊಂದು ಸಾಲು: ಮನೆ ಬದಲಿಸಿದ್ದು, ಪತಿ ದೂರವಿದ್ದ ಅವಧಿ, ಮಕ್ಕಳ ಹುಟ್ಟು ಮತ್ತು ಶಾಲೆ, ನನ್ನ ಉದ್ಯೋಗ, ನನ್ನ ದೇಹ, ನಾನು ವೈದ್ಯರ ಬಳಿ ಹೋದದ್ದು. ಪೆನ್ಸಿಲ್ ಅವರ ಕೈಯಲ್ಲಿ, ರಬ್ಬರ್ ಪಕ್ಕದಲ್ಲಿ. ಹೆರಿಗೆ, ವರ್ಗಾವಣೆ ಇಂಥವು ಯಾರಿಗೂ ಮರೆಯುವುದಿಲ್ಲ, ಹಾಗಾಗಿ ಅವನ್ನು ಮೊದಲು ಬರೆಯುತ್ತಿದ್ದೆವು. ಉಳಿದ ನೆನಪುಗಳು ಆ ಗೂಟಗಳಿಗೆ ತಾವಾಗಿಯೇ ತಗುಲಿಕೊಳ್ಳುತ್ತವೆ.

ಒಬ್ಬರ ಹಾಳೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೇಲಿನ ಸಾಲುಗಳು ಕಿಕ್ಕಿರಿದು ತುಂಬಿದ್ದವು, "ನನ್ನ ದೇಹ" ಎಂಬ ಸಾಲು ಮಾತ್ರ ಖಾಲಿ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಮೂರನೆಯ ವರ್ಗಾವಣೆಯ ಕೆಳಗೆ ಒಂದು ಸಣ್ಣ ಗುರುತು ಹಾಕಿದರು. ರಕ್ತದೊತ್ತಡದ ಮಾತ್ರೆ ನಿಂತದ್ದು ಆ ತಿಂಗಳು. ಚೀಟಿ ಹಳೆಯ ಊರಿನ ವೈದ್ಯರದ್ದು, ಹೊಸ ಜಾಗದಲ್ಲಿ ಮಕ್ಕಳ ಶಾಲೆಯ ಓಡಾಟ, ಅಷ್ಟರಲ್ಲಿ ಪತಿ ಹೊರಟರು. ಮತ್ತೆ ಶುರುಮಾಡಲೇ ಇಲ್ಲ. ಹಿಂದಿನ ಭೇಟಿಯಲ್ಲಿ ಇದೇ ವಿಷಯವನ್ನು ನಾನು ಮೂರು ರೀತಿಯಲ್ಲಿ ಕೇಳಿದ್ದರೂ ಹೊರಬಂದಿರಲಿಲ್ಲ. ಅಲ್ಲಿಯವರೆಗೆ ನಾನು ಒತ್ತಡ, ಒಂಟಿತನ ಎಂದು ಮನಸ್ಸಿನ ಕಡೆಗೇ ನೋಡುತ್ತಿದ್ದೆ. ಪ್ರತಿ ವರ್ಗಾವಣೆಯಲ್ಲೂ ಚಿಕಿತ್ಸೆಯ ದಾರ ಕಡಿದು ಹೋಗುವುದನ್ನು ಆ ಹಾಳೆ ತೋರಿಸಿಕೊಟ್ಟಿತು. ಇದಕ್ಕೆ ಆಪ್ತಸಮಾಲೋಚನೆ ಮದ್ದಲ್ಲ. ಊರು ಬಿಡುವ ಮೊದಲೇ ವೈದ್ಯಕೀಯ ಕಡತ ಮುಂದಿನ ವೈದ್ಯರನ್ನು ತಲುಪುವ ವ್ಯವಸ್ಥೆ ಬೇಕು.

ನಾನು ಮಾಡಿಕೊಂಡ ಎರಡನೆಯ ತಿದ್ದುಪಡಿ, ಯಾವಾಗ ಕೇಳಬೇಕು ಎಂಬುದಕ್ಕೆ ಸಂಬಂಧಿಸಿದ್ದು. ಖಿನ್ನತೆ ಅಳೆಯಲು ನಾನು ಬಳಸಿದ್ದು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, 0ಯಿಂದ 27ರವರೆಗೆ ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಅಗತ್ಯ ಎಂಬುದು ರೂಢಿ. ಅದು ಕೇಳುವುದು ಕಳೆದ ಎರಡು ವಾರಗಳ ಬಗ್ಗೆ ಮಾತ್ರ. ಹಾಗಾದರೆ ಯಾವ ಎರಡು ವಾರ? ಪತಿ ದೂರವಿರುವಾಗ ಕೇಳಿದರೆ ಕೆಲವರ ಅಂಕ ಕಡಿಮೆಯೇ ಬರುತ್ತಿತ್ತು, ಕುಸಿಯಲು ಅವರಿಗೆ ಬಿಡುವೇ ಇರಲಿಲ್ಲ. ಮರಳಿದ ಮೊದಲ ವಾರಗಳಲ್ಲಿ ಮನೆಯಲ್ಲಿ ಹಬ್ಬದ ವಾತಾವರಣ, ಆಗಲೂ ಕಡಿಮೆ. ಎರಡು ಮೂರು ತಿಂಗಳು ಕಳೆದ ಮೇಲೆ ನೋಡಬೇಕು. ಮನೆಯ ಲೆಕ್ಕ, ಮಕ್ಕಳ ಶಿಸ್ತು, ರಾತ್ರಿ ದೀಪ ಆರಿಸುವ ಹೊತ್ತು ಎಲ್ಲದರಲ್ಲೂ ಯಾರ ಮಾತು ನಡೆಯಬೇಕು ಎಂಬ ತಿಕ್ಕಾಟ ಆಗ ಶುರುವಾಗಿರುತ್ತದೆ. ಎರಡನೆಯ ಮಹಾಯುದ್ಧದ ಕುಟುಂಬಗಳನ್ನು ಅಧ್ಯಯನ ಮಾಡಿದ ರೂಬೆನ್ ಹಿಲ್ 1949ರಲ್ಲೇ ಅಗಲಿಕೆ ಮತ್ತು ಮರುಮಿಲನಗಳನ್ನು ಎರಡು ಬೇರೆ ಬೇರೆ ಸಂಕಟಗಳೆಂದು ಪರಿಗಣಿಸಿದ್ದರು. ಅದನ್ನು ಓದಿಯೂ ನಾನು ಒಂದೇ ಭೇಟಿಯ ಯೋಜನೆ ಹಾಕಿದ್ದೆ. ಈಗ ಮೂರು ಭೇಟಿಗಳಿಗಿಂತ ಕಡಿಮೆ ಮಾಡುವುದಿಲ್ಲ: ಹೊರಡುವ ಮುನ್ನ, ನಡುವೆ, ಮರಳಿ ಮೂರು ತಿಂಗಳಾದ ಮೇಲೆ.

ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಆರಂಭದಲ್ಲಿ ಯುನಿಟ್‌ನ ಅಧಿಕಾರಿಗಳ ಮೂಲಕ ಹೆಸರುಗಳನ್ನು ಪಡೆಯುವುದು ಸುಲಭವೆನಿಸಿತ್ತು. ಆದರೆ ಅಧಿಕಾರಿ ಹೇಳಿ ಕಳುಹಿಸಿದಾಗ ಬರುವವರು ಒಪ್ಪಿ ಬಂದಿರುವುದಿಲ್ಲ, ಬರಬೇಕೆಂದು ಬಂದಿರುತ್ತಾರೆ. "ನಾನು ಹೇಳಿದ್ದು ಅವರ ಬಡ್ತಿಗೆ ಅಡ್ಡ ಬರುವುದಿಲ್ಲ ತಾನೆ?" ಎಂಬ ಪ್ರಶ್ನೆ ಬಾಯಿಬಿಟ್ಟು ಕೇಳದಿದ್ದರೂ ಕಣ್ಣಲ್ಲಿರುತ್ತದೆ. ಆ ದಾರಿಯನ್ನು ಪೂರ್ತಿ ಕೈಬಿಟ್ಟೆ. ಒಬ್ಬರು ಇನ್ನೊಬ್ಬರಿಗೆ ಹೇಳಿ, ತಾವಾಗಿ ಕರೆ ಮಾಡಿದವರನ್ನು ಮಾತ್ರ ಸೇರಿಸಿಕೊಂಡೆ. ಕೆಲಸ ನಿಧಾನವಾಯಿತು, ಆದರೆ ಮಾತು ನಿಜವಾಯಿತು. ಯುನಿಟ್, ಹುದ್ದೆ, ನಿಯೋಜನೆಯ ಸ್ಥಳ ಯಾವುದನ್ನೂ ಬರೆದುಕೊಳ್ಳಲಿಲ್ಲ. ಗಂಡಹೆಂಡಿರನ್ನು ಒಟ್ಟಿಗೆ ಕೂರಿಸಿ ಸಂದರ್ಶಿಸಲಿಲ್ಲ, ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಲಿಲ್ಲ.

ಆದರೆ ಗೋಪ್ಯತೆಗೂ ಒಂದು ಮಿತಿ ಇದೆ. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ ಕೇಳುತ್ತದೆ. ಅಲ್ಲಿ ಸೊನ್ನೆಗಿಂತ ಹೆಚ್ಚಿನ ಉತ್ತರ ಬಂದರೆ ನಾನು ಏನು ಮಾಡುತ್ತೇನೆ, ಯಾರಿಗೆ ತಿಳಿಸುತ್ತೇನೆ ಎಂಬುದನ್ನು ಮಾತು ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ. ಕರೆ ಮಾಡಬಹುದಾದ ವೈದ್ಯರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯದೆ ಆ ಪ್ರಶ್ನೆಯನ್ನು ಯಾರ ಮುಂದೆಯೂ ಇಡಬಾರದು. ಉತ್ತರ ಪಡೆದು, ಹಾಳೆ ಮಡಚಿಕೊಂಡು ಎದ್ದು ಬರುವುದು ಕ್ರೌರ್ಯ.

ಮಕ್ಕಳ ವಿಷಯದಲ್ಲಿ ಒಂದೇ ಮಾತು ಹೇಳಬೇಕು. ಮಕ್ಕಳ ವರ್ತನೆ ಅಳೆಯುವ 25 ಅಂಶಗಳ ಎಸ್‌ಡಿಕ್ಯೂ ಪ್ರಶ್ನಾವಳಿಯನ್ನು ಹೆತ್ತವರೂ ತುಂಬಬಹುದು, 11 ವರ್ಷ ತುಂಬಿದ ಮಕ್ಕಳು ತಾವೇ ತುಂಬಬಹುದು. ಎರಡನ್ನೂ ತುಂಬಿಸಿ. "ಇವನಿಗೆ ಚಿಂತೆಯೆಂದರೆ ಗೊತ್ತಿಲ್ಲ" ಎಂದು ತಾಯಿ ಬರೆದ ಹುಡುಗನೇ ನನಗೆ, ಫೋನ್ ಬಂದರೆ ಅಮ್ಮನಿಗಿಂತ ಮೊದಲು ಓಡಿ ತಾನೇ ಎತ್ತುತ್ತೇನೆ, ಕೆಟ್ಟ ಸುದ್ದಿಯಾದರೆ ತನಗೇ ಮೊದಲು ತಿಳಿಯಲಿ ಎಂದು, ಎಂದಿದ್ದ.

ನನ್ನನ್ನು ಇನ್ನೂ ಕಾಡುತ್ತಿರುವುದು "ಕುಟುಂಬ" ಎಂಬ ಪದ. ಬಹುಪಾಲು ಅಧ್ಯಯನಗಳಲ್ಲಿ ಅದರ ಅರ್ಥ ಸಂಗಾತಿ ಮತ್ತು ಮಕ್ಕಳು, ಅಷ್ಟೇ. ನನ್ನದೂ ಹಾಗೆಯೇ ಶುರುವಾದದ್ದು. ಮದುವೆಯಾಗದ ಇಪ್ಪತ್ತರ ಹರೆಯದ ಸೈನಿಕನಿಗೆ ಕುಟುಂಬವೇ ಇಲ್ಲವೇ? ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಮನೆಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪೌಲಿನ್ ಬಾಸ್, ವ್ಯಕ್ತಿ ಎದುರಿಗಿಲ್ಲ ಆದರೆ ಮನಸ್ಸಿನಿಂದ ಹೋಗಿಯೂ ಇಲ್ಲ ಎಂಬ ಸ್ಥಿತಿಗೆ ಅಸ್ಪಷ್ಟ ನಷ್ಟ ಎಂದು ಹೆಸರು ಕೊಟ್ಟರು. ಹಾಗೆ ಕಾಯುವ ಸಂಕಟ ಮದುವೆಯ ಪ್ರಮಾಣಪತ್ರ ಕೇಳಿ ಬರುವುದಿಲ್ಲ.

ಹಾಗಾಗಿ ಈಗ ಸಂದರ್ಶನದ ಮೊದಲ ಪ್ರಶ್ನೆಯನ್ನೇ ಬದಲಿಸಿದ್ದೇನೆ: "ಅವರ ಫೋನಿಗಾಗಿ ಯಾರು ಯಾರು ಕಾಯುತ್ತಾರೆ?" ಪಟ್ಟಿಯಲ್ಲಿ ಅಜ್ಜಿ ಬಂದರು, ಅಕ್ಕ ಬಂದಳು, ವಿಚ್ಛೇದನದ ನಂತರ ಮಕ್ಕಳನ್ನು ಸಾಕುತ್ತಿರುವ ಹೆಂಗಸೂ ಬಂದಳು. ಒಬ್ಬ ತಾಯಿ ಕ್ಯಾಲೆಂಡರ್ ಹಾಳೆಯಲ್ಲಿ ಮಗ ಸೇನೆ ಸೇರಿದ ತಿಂಗಳ ಮೇಲೆ ಬೆರಳಿಟ್ಟು, ತಮಗೆ ಸಕ್ಕರೆ ಕಾಯಿಲೆ ಇರುವುದು ತಿಳಿದದ್ದು ಮರುವರ್ಷ ಎಂದರು. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಎಂದು ಒಂದು ಹಾಳೆ ನೋಡಿ ಹೇಳಲಾಗದು. ಈಗ ತಂದೆತಾಯಿಯರ ಹಾಳೆಗಳನ್ನೇ ಬೇರೆಯಾಗಿ ಸಂಗ್ರಹಿಸಲು ಆರಂಭಿಸಿದ್ದೇನೆ.